ಆರು ವೇಷ, ಒಬ್ಬ ಮದುಮಗ

ಕೆಲವರಿಗೆ ಜೀವನದಲ್ಲಿ ಒಂದೋ ಎರಡೋ ಫಜೀತಿ ಆಗುತ್ತದೆ, ಅದನ್ನೇ ಹೇಳಿಕೊಂಡು ಮುದುಕರಾಗುತ್ತಾರೆ. ನನ್ನದು ಹಾಗಲ್ಲ. ಕುಂದಾಪುರದಲ್ಲಿ ಸೈಬರ್ ಸೆಂಟರ್ ಇಟ್ಟವನು ಫಜೀತಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು, ಫ್ಯಾನಿನ ಕೆಳಗಿನ ಕುರ್ಚಿ ನೋಡಿ ಕೂರುತ್ತದೆ. ಅದರಲ್ಲೂ ನನ್ನ ಮದುವೆಯ ಮಾತುಕತೆ ನಡೆದ ಆ ಮಳೆಗಾಲವಿಡೀ ಅದು ಎದ್ದು ಹೋಗಲೇ ಇಲ್ಲ.

ಗೋಳಿಬಜೆಯೋ ಬನ್ಸೋ

ಮೊದಲು ನನ್ನ ಸ್ವಭಾವ ಹೇಳಿಬಿಡುತ್ತೇನೆ. ನನಗೆ ಯಾವುದನ್ನೂ ಆರಿಸಲು ಬರುವುದಿಲ್ಲ. ಬುದ್ಧಿ ಕಡಿಮೆ ಅಂತಲ್ಲ, ಕನಸು ಹೆಚ್ಚು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ತಿಂಡಿಗೆ ಹೋದರೆ ಸಪ್ಲಾಯರ್ ಬಂದು ಏನು ಬೇಕು ಅನ್ನುತ್ತಾನೆ. ನಾನು ಕಣ್ಣು ಅರ್ಧ ಮುಚ್ಚಿ ಯೋಚಿಸಲು ತೊಡಗುತ್ತೇನೆ. ಗೋಳಿಬಜೆಯ ಹೊರಗಿನ ಗರಿ, ಒಳಗಿನ ಮೆದು, ಪಕ್ಕದಲ್ಲಿ ಕಾಯಿಚಟ್ನಿ. ಬನ್ಸ್ ಮುರಿದಾಗ ಏಳುವ ಹಬೆ, ಆ ಬಾಳೆಹಣ್ಣಿನ ಪರಿಮಳ. ಎರಡನ್ನೂ ಮನಸ್ಸಿನಲ್ಲಿಯೇ ತಿಂದು ಮುಗಿಸಿ ಕಣ್ಣು ತೆರೆದರೆ ಸಪ್ಲಾಯರ್ ಮೂರು ಟೇಬಲ್ ಒರೆಸಿ ಬಂದಿರುತ್ತಾನೆ. ಕೊನೆಕೊನೆಗೆ ಅವನು ಕೇಳುವುದನ್ನೇ ಬಿಟ್ಟ. ಯಾವುದು ಉಳಿದಿದೆಯೋ ಅದನ್ನು ತಂದಿಡುತ್ತಿದ್ದ. ನಾನು ಒಮ್ಮೆ ಆಕ್ಷೇಪ ಎತ್ತಿದ್ದಕ್ಕೆ, "ನಿಮ್ಮತ್ರ ಕೇಂಡ್ಕಂಡ್ ನಿಂತ್ರೆ ಮಧ್ಯಾಹ್ನದ ಊಟದ ಹೊತ್ ಆತ್ತ್" ಅಂದ.

ಇಂಥವನ ಸೆಂಟರಿಗೆ ಆ ಹೊಸ ಆಟ ಬಂತು. ಬ್ರಾಡ್‌ಬ್ಯಾಂಡ್ ಬಂದು ಹೆಚ್ಚು ಸಮಯ ಆಗಿರಲಿಲ್ಲ. ಎಲ್ಲೆಲ್ಲಿಯ ಜನ ಒಂದೇ ಊರಿನೊಳಗೆ ಸೇರಿ ಆಡುವ ಆಟ. ಒಳಗೆ ಹೋಗುವ ಮೊದಲು ನೀನು ಯಾರಾಗುತ್ತಿ ಅಂತ ಅದು ಕೇಳುತ್ತದೆ. ಅವರು ಅದಕ್ಕೆ ಕ್ಲಾಸ್ ಅನ್ನುತ್ತಾರೆ. ನಮ್ಮೂರಿನಲ್ಲಿ ಯಾರೂ ಹಾಗೆ ಅನ್ನಲಿಲ್ಲ. ಯಕ್ಷಗಾನ ನೋಡಿ ಬೆಳೆದ ಜನ, ಮೊದಲ ದಿನದಿಂದಲೇ ವೇಷ ಅಂದರು. ವೇಷ ಒಟ್ಟು ಆರು. ಕತ್ತಿಯವ, ಬಿಲ್ಲಿನವ, ಮಂತ್ರ ಹಾಕುವವ, ಕಳ್ಳ, ಕೊಡಲಿ ಹಿಡಿದ ದೈತ್ಯ, ಮತ್ತು ಬಿಳಿ ಸೆರಗು ಹೊದ್ದ ಹೀಲರ್. ಈ ಹೀಲರ್ ಹೆಂಗಸು. ಹೊಡೆದಾಟದಲ್ಲಿ ಬಿದ್ದವರಿಗೆ ಜೀವ ತುಂಬುವುದು ಅವಳ ಕೆಲಸ.

ಆರಿಸುವ ಆ ಜಾಗ ಎಷ್ಟು ಚೆಂದ ಇತ್ತು ಅಂತೀರಿ. ಹಿಂದೆ ಗುಡ್ಡ, ಬೈಂದೂರಿನಲ್ಲಿ ನಿಂತು ಮೂಡುಗಡೆ ನೋಡಿದಾಗ ಕಾಣುವಂಥದ್ದೇ ಗುಡ್ಡ, ಅರ್ಧ ಮಂಜಿನೊಳಗೆ. ಮುಂದೆ ಆರು ಜನ ಸಾಲಾಗಿ ನಿಂತು ಸುಮ್ಮನೆ ಉಸಿರಾಡುತ್ತಿದ್ದರು. ಒಬ್ಬರ ಮೇಲೆ ಕ್ಲಿಕ್ ಮಾಡಿದರೆ ಒಂದು ಹೆಜ್ಜೆ ಮುಂದೆ ಬಂದು, ಹೊರಡುವುದಾ ಅನ್ನುವ ಹಾಗೆ ನನ್ನ ಮುಖ ನೋಡುತ್ತಿದ್ದರು. ಬೇಡ ಅಂತ ಇನ್ನೊಬ್ಬರನ್ನು ಒತ್ತಿದರೆ ಮೊದಲಿನವರು ಒಂದಿಷ್ಟೂ ಬೇಜಾರು ಮಾಡಿಕೊಳ್ಳದೆ ಹಿಂದೆ ಸರಿಯುತ್ತಿದ್ದರು. ಜೀವನದಲ್ಲಿ ನನ್ನನ್ನು ಇಷ್ಟು ಸಮಾಧಾನದಿಂದ ಕಾದವರು ಬೇರೆ ಯಾರೂ ಇರಲಿಲ್ಲ. ಹೊರಗೆ ಶೀಟಿನ ಮೇಲೆ ಮಳೆ, ಒಳಗೆ ಆ ಮಂಜು. ಗಿರಾಕಿಗಳು ಆಟದೊಳಗೆ ಹೋಗಿ ಹಂದಿ ಹೊಡೆದು, ಸತ್ತು, ಮತ್ತೆ ಹುಟ್ಟಿ ಹೊಡೆದಾಡುತ್ತಿದ್ದರೆ ನಾನು ಕೌಂಟರಿನಲ್ಲಿ ಕೂತು ಆ ಆರು ಜನರನ್ನು ನೋಡುತ್ತಿದ್ದೆ. ವಾರಗಟ್ಟಲೆ ನೋಡಿದೆ. ಕೊನೆಗೆ ಒಬ್ಬ ಗಿರಾಕಿಗೆ ತಡೆಯಲಾಗಲಿಲ್ಲ. "ಹ್ವಾಯ್, ಅವ್ರ್ ಆರ್ ಜನಕ್ಕೂ ನಿಂತ್ ನಿಂತ್ ಕಾಲ್ ನೋವ್ ಬಂದಿತ್. ಒಬ್ರನ್ನಾದ್ರೂ ಒಳ್ಗ್ ಕರ್ಕಂಡ್ ಹೋಯ್ನಿ" ಅಂದ.

ಬ್ರಹ್ಮಾವರದ ಹೆಣ್ಣು

ಯಡ್ತರೆಯಲ್ಲಿ ನನ್ನ ಸೋದರಮಾವ ಇದ್ದಾರೆ, ದಿನಸಿ ಅಂಗಡಿ ಅವರದ್ದು. ನನ್ನ ಬದಲಿಗೆ ಎಲ್ಲವನ್ನೂ ಆರಿಸುತ್ತಾ ಬಂದವರು ಅವರೇ. ಹೆಣ್ಣನ್ನೂ ಅವರೇ ಹುಡುಕಿದರು. ಬ್ರಹ್ಮಾವರದ ಹುಡುಗಿ, ಅಲ್ಲೇ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಾಳೆ, ತಂದೆಗೆ ತೆಂಗಿನಕಾಯಿ ವ್ಯಾಪಾರ. ಒಂದು ಭಾನುವಾರ ಅಮ್ಮ, ಮಾವ, ನಾನು ಬಸ್ಸಿನಲ್ಲಿ ಹೋದೆವು.

ತಂದೆ ಜಗಲಿಗೆ ಬಂದು ಕರೆದುಕೊಂಡರು. ದೊಡ್ಡ ಮೀಸೆ, ಗಂಟು ಹಾಕಿದ ಹುಬ್ಬು. ಮಂಡಿಯ ಮೇಲೆ ಕೈ ಊರಿ ನಿಧಾನ ನಡೆಯುತ್ತಿದ್ದರು. ಮಾತೇ ಇಲ್ಲ. ಕೂರಿ ಅಂತ ಕೈಯಲ್ಲೇ ಹೇಳಿದರು, ಎಲೆ ಅಡಿಕೆಯ ತಟ್ಟೆ ಮುಂದಕ್ಕೆ ತಳ್ಳಿದರು, ಆಮೇಲೆ ನನ್ನನ್ನು ನೋಡುತ್ತಾ ಕೂತರು. ಕಣ್ಣು ಎಲ್ಲಿಡುವುದು ಅಂತ ಗೊತ್ತಾಗದೆ ಗೋಡೆ ನೋಡಿದೆ. ಅಲ್ಲಿ ಹಳೆಯ ಕಪ್ಪು ಬಿಳುಪು ಫೋಟೋ ಒಂದಿತ್ತು. ತುರುಬಿಗೆ ಹೂ ಮುಡಿದು, ಕುತ್ತಿಗೆ ತುಂಬ ಸರ ಹಾಕಿಕೊಂಡು, ತಲೆ ಒಂಚೂರು ವಾಲಿಸಿದ ಬಹಳ ಚೆಂದದ ಹೆಂಗಸು. ಈ ಮನೆಯ ತೀರಿಹೋದ ಅಜ್ಜಿ ಇರಬೇಕು ಅಂದುಕೊಂಡೆ. ಹುಡುಗನಿಗೆ ಹಿರಿಯರ ಮೇಲೆ ಭಕ್ತಿ ಇದೆ ಅಂತ ಗೊತ್ತಾಗಲಿ ಎಂದು ಎದ್ದು ಹೋಗಿ ಫೋಟೋಕ್ಕೆ ಕೈ ಮುಗಿದೆ, ಕಣ್ಣಿಗೂ ಒತ್ತಿಕೊಂಡೆ. ತಿಂಡಿ ತಂದ ಹುಡುಗಿ ತಕ್ಷಣ ತಿರುಗಿ ಒಳಗೆ ಹೋದಳು, ಬರಲು ಸ್ವಲ್ಪ ಹೊತ್ತಾಯಿತು. ನಾಚಿಕೆ ಅಂತ ನಾನು ತಿಳಿದೆ.

ಹೇಳಿಬಿಡುತ್ತೇನೆ, ನನಗೆ ಅವಳು ನೋಡಿದ ಕೂಡಲೇ ಹಿಡಿಸಿದಳು. ಜೀವನದಲ್ಲಿ ಮೊದಲ ಸಲ ಎರಡನೇ ಯೋಚನೆ ಬರಲಿಲ್ಲ. ಇಬ್ಬರೂ ಮಾತಾಡಿಕೊಳ್ಳಲಿ ಅಂತ ಹಿರಿಯರು ನಮ್ಮನ್ನು ಹಿಂದಿನ ಜಗಲಿಗೆ ಕಳಿಸಿದರು. ಅವಳು ಸಂಪಾದನೆ ಕೇಳಲಿಲ್ಲ, ಮನೆಯಲ್ಲಿ ಎಷ್ಟು ಜನ ಅಂತ ಕೇಳಲಿಲ್ಲ. "ನಿಮ್ದ್ ಸೈಬರ್ ಸೆಂಟರ್ ಅಲ್ದಾ. ಆ ಹೊಸ ಆಟದಲ್ಲ್ ನೀವ್ ಯಾವ ವೇಷ?" ಅಂದಳು.

ಇನ್ನೂ ಆರಿಸಲಿಲ್ಲ ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಜಾತಕ ಬರುದ್ ಭಟ್ರ್, ಹೆಸ್ರ್ ಇಡುದ್ ಅಪ್ಪಯ್ಯ. ಅಲ್ಲ್ ಮಾತ್ರ ನಾವ್ ಎಂತ ಆಯ್ಕ್ ಅಂತ ನಾವೇ ಹೇಳುದ್. ನೀವ್ ಆರ್ಸಿ ಹೇಳಿ. ಆಮೇಲೆ ನಾನೂ ನನ್ ಉತ್ರ ಹೇಳ್ತೆ."

ಚೌತಿ ಹಬ್ಬದ ಒಳಗೆ ಹೇಳಬೇಕು ಅಂತ ಮಾತಾಯಿತು. ಹೆಬ್ರಿ ಕಡೆಯ ಇನ್ನೊಂದು ಸಂಬಂಧವೂ ಬಂದು ಕೂತಿದೆ ಅಂತ ಮಾವನ ಕಿವಿಗೆ ಬಿತ್ತು. ವಾಪಸು ಬರುವ ಬಸ್ಸಿನಲ್ಲಿ ಮಾವ ಬೈಯುತ್ತಲೇ ಇದ್ದರು. ಬಾಯಿಗೆ ಬಂದದ್ದು ಒಂದು ಹೇಳಿ ಬರಬಾರದಿತ್ತಾ ಅಂದರು. ಬಾಯಿಗೆ ಆರೂ ಬಂದಿತ್ತು, ಅದೇ ತೊಂದರೆ. ನಾನು ಕಿಟಕಿಗೆ ತಲೆ ಒರಗಿಸಿ, ಕತ್ತಿ ಹಿಡಿದರೆ ಅವಳಿಗೆ ಸರಿ ಕಾಣಬಹುದೋ ಬಿಲ್ಲು ಹಿಡಿದರೋ ಅಂತ ನೋಡುತ್ತಿದ್ದೆ. ಗದ್ದೆಯಲ್ಲಿ ನೀರು ತುಂಬಿ ಆಕಾಶ ಅದರೊಳಗೆ ಮಲಗಿತ್ತು. ಕಂಡಕ್ಟರ್ ಬಂದು ಎಲ್ಲಿಗೆ ಅಂತ ಕೇಳಿದ. "ಯೋಚ್ನೆ ಮಾಡ್ತಿದ್ದೆ" ಅಂದೆ. ಟಿಕೆಟ್ ಮಾವ ತೆಗೆದರು.

ದೋಣಿಯ ಪಾಲು

ಮಳೆಗಾಲದಲ್ಲಿ ಮೀನಿನ ಬೋಟ್ ಕಡಲಿಗೆ ಇಳಿಯುವುದಿಲ್ಲ. ಗಂಗೊಳ್ಳಿ ಕಡೆಯ ಒಂದು ಬೋಟಿನ ಜನ ಆಗ ನನ್ನ ಸೆಂಟರಿಗೆ ಬರುತ್ತಿದ್ದರು. ಅವರ ಮುಖ್ಯಸ್ಥರನ್ನು ತಂಡೇಲ ಅನ್ನುತ್ತಾರೆ, ಬಲೆ ಎಲ್ಲಿ ಬಿಡುವುದು ಅಂತ ಕಡಲಿನಲ್ಲಿ ಹೇಳುವವರು. ಈ ತಂಡೇಲರು ಆಟದಲ್ಲೂ ತಮ್ಮ ಜನರನ್ನು ಸಾಲಾಗಿ ಕೂರಿಸಿ, ಯಾರು ಯಾವ ವೇಷ ಅಂತ ಒಂದೇ ಉಸಿರಿಗೆ ಹಂಚಿದರು. ಯಾರೂ ಎದುರು ಮಾತಾಡಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಹೇಗೆ ಅಷ್ಟು ಬೇಗ ಆರಿಸುತ್ತೀರಿ ಅಂತ ಕೇಳಿದೆ. ಬೋಟಿನಲ್ಲಿ ಯಾರನ್ನೂ ನೀನು ಏನಾಗುತ್ತಿ ಅಂತ ಕೇಳುವ ಪದ್ಧತಿ ಇಲ್ಲ ಅಂದರು. ಮೊದಲ ದಿನ ಕಡಲಿಗೆ ಹೋದಾಗ ಯಾರು ವಾಂತಿ ಮಾಡುತ್ತಾರೋ ಅವರಿಗೆ ಅಡುಗೆ ಕೆಲಸ, ಮಾಡದವರಿಗೆ ಹಗ್ಗ ಎಳೆಯುವ ಕೆಲಸ.

ಅವರು ಮೊದಲ ದೊಡ್ಡ ಬೇಟೆ ಹೊಡೆದ ದಿನ ನಿಜವಾದ ಕಷ್ಟ ಶುರುವಾಯಿತು. ಅದರಿಂದ ಒಂದು ಕತ್ತಿ, ಒಂದಿಷ್ಟು ಔಷಧಿ, ಗರಿ ಚುಚ್ಚಿದ ಒಂದು ಟೊಪ್ಪಿ ಸಿಕ್ಕಿತು. ಹಂಚಲು ಕೂತರು. ಮೀನು ಹಂಚುವಾಗ ಜನರಿಗೆ ಇರುವ ಹಾಗೆ ದೋಣಿಗೂ ಒಂದು ಪಾಲು ಇದೆ. ಅದನ್ನು ಕೊಡದೆ ಮತ್ತೆ ಬಲೆ ಮುಟ್ಟುವಂತಿಲ್ಲ. ಇಲ್ಲಿ ದೋಣಿ ಯಾವುದು ಅಂತ ಅವರೊಳಗೆ ಚರ್ಚೆಯಾಗಿ, ನನ್ನ ಸೆಂಟರೇ ದೋಣಿ ಅಂತ ತೀರ್ಮಾನವಾಯಿತು. ಟೊಪ್ಪಿ ನನ್ನ ಪಾಲಿಗೆ ಬಂತು.

ಬೇಡ ಅಂದರೆ ಕೇಳಲಿಲ್ಲ. ತೆಗೆದುಕೊಳ್ಳಬೇಕಾದರೆ ನಾನು ಆಟದೊಳಗೆ ಹೋಗಬೇಕು, ಹೋಗಬೇಕಾದರೆ ವೇಷ ಬೇಕು. ನಾನು ಯೋಚಿಸುತ್ತಾ ಕೂತೆ. ಅಷ್ಟು ಹೊತ್ತೂ ಆ ಬೋಟಿನ ಜನರೆಲ್ಲ ಆಟದ ಊರಿನ ಬಾಗಿಲ ಹತ್ತಿರ ಟೊಪ್ಪಿ ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ಎದುರಿನಿಂದ ಕಾಡುಕೋಣ ಬಂದು ಇಬ್ಬರನ್ನು ತಿವಿಯಿತು. ಪಾಲು ಮುಗಿಯದೆ ಆಯುಧ ಎತ್ತುವಂತಿಲ್ಲ ಅಂತ ಅವರು ತಿವಿಸಿಕೊಂಡರು.

ಕೊನೆಗೆ ತಂಡೇಲರು ನನ್ನ ಕೌಂಟರಿಗೆ ಬಂದರು. ಬ್ರಹ್ಮಾವರದ ಹೆಣ್ಣಿನ ಸಂಗತಿ ಅವರಿಗೂ ಗೊತ್ತಿತ್ತು, ಆಗ ಕುಂದಾಪುರದಲ್ಲಿ ಗೊತ್ತಿಲ್ಲದವರು ಕಡಿಮೆ. ನನ್ನ ಹೆಗಲ ಮೇಲೆ ಕೈಯಿಟ್ಟು ಬಹಳ ಪ್ರೀತಿಯಿಂದ ಹೇಳಿದರು. "ನೀವ್ ಸುಮ್ನೆ ತಲಿಬಿಸಿ ಮಾಡ್ಕಂಬ್ದ್ ಬ್ಯಾಡ. ನೀವ್ ಎಂತದೂ ಆಪ್ದೇ ಬ್ಯಾಡ. ನೀವ್ ದೋಣಿ."

ಒಳ್ಳೆಯ ಮನುಷ್ಯ. ಆದರೆ ಹೆಣ್ಣಿನ ಮನೆಗೆ ಫೋನ್ ಮಾಡಿ, ಹುಡುಗ ದೋಣಿ ಅಂತೆ ಅಂತ ಹೇಳುವುದು ಹೇಗೆ?

ಎಡದ ಹೂ

ದಿನ ಹೋಗುತ್ತಿತ್ತು. ನಾನು ಊಟ ಬಿಟ್ಟದ್ದು ಕಂಡು ಅಮ್ಮನಿಗೆ ಹೆದರಿಕೆ ಹತ್ತಿತು. ನಮ್ಮ ಕೇರಿಯ ಸಣ್ಣ ದೇವಸ್ಥಾನದಲ್ಲಿ ಹೂವಿನ ಪ್ರಸಾದ ಕೇಳುವುದು ಉಂಟು. ಕೇಳುವವರು ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ನಿಲ್ಲಬೇಕು. ದೇವರ ಬಲದ ಹೂ ಬಿದ್ದರೆ ಆಗಬಹುದು, ಎಡದ್ದು ಬಿದ್ದರೆ ಬೇಡ. ಜಾಗ ತೆಗೆಯುವುದಕ್ಕೆ, ಬಾವಿ ತೋಡುವುದಕ್ಕೆ, ಮದುವೆಗೆ ಎಲ್ಲಾ ಹೀಗೇ ಕೇಳುವುದು. ಅಮ್ಮ ನನ್ನನ್ನು ಮೀಯಿಸಿ ಕರೆದುಕೊಂಡು ಹೋದರು.

ಭಟ್ಟರು ಸಮಾಧಾನಿ. ನಾನು ಸಂಕಟದಿಂದ, ಪ್ರಶ್ನೆ ಒಂದಲ್ಲ, ಆರು ಅಂದೆ. ಆಗಲಿ, ಒಂದೊಂದಾಗಿ ಕೇಳುವ ಅಂದರು. ಕತ್ತಿಯವನಾಗಬಹುದಾ ಅಂತ ಕೇಳಿದೆವು, ಎಡದ ಹೂ ಬಿತ್ತು. ಬಿಲ್ಲಿನವನಿಗೂ ಎಡ. ಮಂತ್ರದವನ ಸರದಿ ಬಂದಾಗ ಭಟ್ಟರು ಸ್ವಲ್ಪ ಮುಂದೆ ಬಾಗಿ, ಯಾವ ಮಂತ್ರ, ಉಪದೇಶ ಯಾರದ್ದು ಅಂತ ವಿಚಾರಿಸಿದರು. ಬೆಂಕಿ ಉಂಡೆ ಬರುವ ಮಂತ್ರ ಅಂದೆ. ಅದಕ್ಕೂ ಎಡ. ಕಳ್ಳನಾಗಬಹುದಾ ಅಂತ ದೇವರ ಎದುರು ಕೇಳಲು ನನಗೇ ನಾಚಿಕೆಯಾಯಿತು, ಕೇಳಿದೆ, ಎಡ ಬಿತ್ತು, ಅದು ನ್ಯಾಯವೇ. ದೈತ್ಯನಿಗೂ ಎಡ.

ಉಳಿದದ್ದು ಹೀಲರ್. ಇದನ್ನು ದೇವರಿಗೆ ಹೇಗೆ ಹೇಳುವುದು ಅಂತ ಕೇಳಿದೆ. "ದೇವ್ರಿಗ್ ಎಲ್ಲಾ ಗೊತ್ತಿತ್ತ್. ಗೊತ್ತಿಲ್ಲದ್ದ್ ನಂಗೆ, ನಂಗ್ ಹೇಳಿ" ಅಂದರು. ಬಿದ್ದವರನ್ನು ಎಬ್ಬಿಸುವ ಹೆಂಗಸಿನ ವೇಷ ಅಂತ ವಿವರಿಸಿದೆ. ಒಳ್ಳೆಯ ಕೆಲಸ, ಇದಕ್ಕೆ ಬಲ ಬೀಳುತ್ತದೆ ನೋಡಿ ಅಂತ ಭಟ್ಟರೇ ಧೈರ್ಯ ಹೇಳಿದರು. ನಾನು ಕಣ್ಣು ಮುಚ್ಚಿದೆ. ಎಡ.

ಅಂದರೆ ಸಂಬಂಧವೇ ಬೇಡ ಅಂತ ದೇವರ ಮಾತು. ಆ ಹುಡುಗಿಯ ಮುಖ ಕಣ್ಣೆದುರು ಬಂತು. ಭಟ್ಟರಿಗೂ ಪಾಪ ಅನ್ನಿಸಿತು. ಅವರು ಸ್ವಲ್ಪ ಯೋಚಿಸಿ ಅಮ್ಮನ ಕಡೆ ತಿರುಗಿ, ಹೂ ಕೇಳುವಾಗ ಮನಸ್ಸಿನಲ್ಲಿ ಪ್ರಶ್ನೆ ಇಟ್ಟದ್ದು ಮಗನಾ ನೀವಾ ಅಂತ ಕೇಳಿದರು. ತಾಯಿಯೇ ಇಡುವುದಲ್ಲವಾ, ನಾನೇ ಇಟ್ಟೆ ಅಂದರು ಅಮ್ಮ. ಏನಂತ ಇಟ್ಟಿರಿ ಅಂದರು.

ಅಮ್ಮ ಸೆರಗು ಸರಿಮಾಡಿಕೊಂಡು ನೆಲ ನೋಡಿದರು. "ಆರ್ ಸರ್ತಿಯೂ ಒಂದೇ ಕೇಂಡದ್ದ್. ಈ ಕಂಪ್ಯೂಟರ್ ಆಟ ನನ್ ಮಗನಿಗ್ ಬೇಕಾ ಅಂತ."

ಮಾವನ ವಿಚಾರಣೆ

ಯಡ್ತರೆಯ ಮಾವನಿಗೆ ತಾಳ್ಮೆ ತಪ್ಪಿತು. ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಬಸ್ಸು ಹಿಡಿದು ಸೆಂಟರಿಗೇ ಬಂದರು. ಕುರ್ಚಿ ಎಳೆದು ನನ್ನ ಪಕ್ಕ ಕೂತು, ಆರನ್ನೂ ಮಾಡು, ಆಮೇಲೆ ಕಾಂಬ ಅಂದರು. ಇದು ನನಗೆ ಹೊಳೆದೇ ಇರಲಿಲ್ಲ. ಒಂದೇ ಹೆಸರು, ಮುಂದೆ ಕುಂದಾಪುರ ಅಂತ ಸೇರಿಸಿ, ಹಿಂದೆ ನಂಬರ್ ಹಾಕಿ ಆರು ವೇಷ ಮಾಡಿದೆ. ಮೊದಲು ಕತ್ತಿಯವನಾಗಿ ಒಳಗೆ ಕಾಲಿಟ್ಟೆ. ಬಾಗಿಲಲ್ಲೇ ಬೋಟಿನ ಜನ ಟೊಪ್ಪಿ ಕೊಟ್ಟು, ನಿಟ್ಟುಸಿರು ಬಿಟ್ಟು, ಕಾಡುಕೋಣದ ಹಿಂದೆ ಓಡಿದರು.

ಮಾವನ ಲೆಕ್ಕಾಚಾರ ಬೇರೆ ಇತ್ತು. ನಮ್ಮಲ್ಲಿ ಸಂಬಂಧ ಗಟ್ಟಿ ಮಾಡುವ ಮೊದಲು ಆಚೆಮನೆ ಈಚೆಮನೆಯಲ್ಲಿ, ಹತ್ತಿರದ ಅಂಗಡಿಯಲ್ಲಿ ಗುಟ್ಟಾಗಿ ವಿಚಾರಿಸುವುದು ಕ್ರಮ. ಹುಡುಗಿ ಈ ಊರಿನಲ್ಲೂ ಓಡಾಡುತ್ತಾಳೆ ಅಂದರೆ ಇಲ್ಲಿಯೂ ವಿಚಾರಿಸಬೇಕು ಅಂದರು. ಎದುರಿಗೆ ಬಾವಿ, ಬಾವಿಯ ಹತ್ತಿರ ಒಂದು ಅಂಗಡಿ, ಅಂಗಡಿಯಲ್ಲಿ ಗಡ್ಡದ ಯಜಮಾನ. ಅಂಗಡಿಯವನಿಗೆ ಗೊತ್ತಿಲ್ಲದ ಮನೆ ಇರುವುದಿಲ್ಲ ಅಂತ ಮಾವ ಅಂಗಡಿಯವರಾಗಿಯೇ ಹೇಳಿದರು. ಆ ಗಡ್ಡದವನು ಮನುಷ್ಯನಲ್ಲ ಮಾವ, ಕಂಪ್ಯೂಟರ್ ಅವನನ್ನು ಆಡಿಸುವುದು, ಅವನಿಗೆ ಎರಡೇ ಮಾತು ಬರುವುದು ಅಂದೆ. ನನ್ನ ಅಂಗಡಿಯ ಆಳಿಗೂ ಎರಡೇ ಮಾತು ಬರುವುದು, ಆದರೂ ಅವನಿಗೆ ಊರೆಲ್ಲ ಗೊತ್ತು, ಕೇಳು ಅಂದರು.

ಕೇಳಿದೆ. ಬ್ರಹ್ಮಾವರದ ಹುಡುಗಿಯೊಬ್ಬಳು ಇಲ್ಲಿ ಬರುತ್ತಾಳಂತೆ, ಗುಣ ಹೇಗೆ? ಸ್ವಾಗತ ದಾರಿಹೋಕನೇ, ಔಷಧಿ ಬೇಕೇ ಅಂದ ಅವನು. ಮಾವ ದನಿ ತಗ್ಗಿಸಿ, ಸ್ವಲ್ಪ ಸಾಮಾನು ತೆಗೆದುಕೋ, ಆಮೇಲೆ ಬಾಯಿ ಬಿಡುತ್ತಾನೆ ಅಂದರು. ಒಂದು ಬಾಟಲಿ ಔಷಧಿ ತೆಗೆದುಕೊಂಡೆ. ಅವಳ ತಂದೆ ಹೇಗೆ ಅಂತ ಕೇಳಿದೆ. ಸ್ವಾಗತ ದಾರಿಹೋಕನೇ, ಔಷಧಿ ಬೇಕೇ? ಮನೆತನ ಹೇಗೆ? ಔಷಧಿ ಬೇಕೇ?

ಮಾವ ಬಹಳ ಹೊತ್ತು ಆ ಗಡ್ಡದ ಮುಖವನ್ನೇ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಹೇಳಿದರು. "ಇವ ಮಾತ್ ಮರ್‍ಸ್ತಿದ್ದ. ಆ ಮನೆಯಲ್ ಯಾರಿಗೋ ಎಂತದೋ ಕಾಯ್ಲೆ ಇತ್ತ್."

ಕೆರೆ ದಂಡೆ

ಮಾವ ಹೋದ ಮೇಲೆ ನಾನು ಒಬ್ಬನೇ ಆಟದ ಊರಿನಲ್ಲಿ ಅಲೆಯತೊಡಗಿದೆ. ಒಂದು ದಿನ ಕತ್ತಿಯವ, ಒಂದು ದಿನ ಬಿಲ್ಲಿನವ. ಊರಿನ ಹೊರಗೆ ಒಂದು ಕೆರೆ ಇತ್ತು, ದಂಡೆಯಲ್ಲಿ ಮರ, ಎಷ್ಟು ಹೊತ್ತಿಗೆ ಹೋದರೂ ಅಲ್ಲಿ ಸಂಜೆಯ ಬಣ್ಣ. ಮೊದಲ ದಿನವೇ ಒಂದು ಹಂದಿ ನನ್ನನ್ನು ಉರುಳಿಸಿ ಹಾಕಿತು. ಬಿದ್ದಲ್ಲಿಂದ ಮೇಲೆ ನೋಡಿದರೆ ಬಿಳಿ ಸೆರಗು. ಹೀಲರ್ ಒಬ್ಬಳು ಬಂದು ಪಕ್ಕದಲ್ಲಿ ಕೂತು, ನಿಧಾನವಾಗಿ ಜೀವ ತುಂಬಿ ನನ್ನನ್ನು ಎಬ್ಬಿಸಿದಳು. ಆಮೇಲೆ ನಮ್ಮ ಕುಂದಾಪ್ರ ಮಾತಿನಲ್ಲೇ ಬರೆದು, ಊಟ ಆಯಿತಾ ಅಂತ ಕೇಳಿದಳು.

ಅವಳೇ. ಬೇರೆ ಯಾರು? ನನ್ನ ಎದೆ ಹೊಡೆದುಕೊಂಡ ಸದ್ದು ಗಿರಾಕಿಗಳಿಗೆ ಕೇಳಿರಬೇಕು. ನೀವು ಬ್ರಹ್ಮಾವರದವರಾ ಅಂದೆ, ಹೌದು ಅಂದಳು. ಅಲ್ಲಿಂದ ದಿನಾ ಮಧ್ಯಾಹ್ನ ಊಟದ ಮೇಲಿಂದ ಸಂಜೆಯವರೆಗೆ ಕೆರೆ ದಂಡೆಯಲ್ಲಿ ನಾವಿಬ್ಬರು. ಆ ಹೊತ್ತಿಗೆ ಅವಳಿಗೆ ಪಾಠ ಇರಬೇಕಲ್ಲ ಅಂತ ಒಮ್ಮೆ ಅನ್ನಿಸಿತು, ನನಗಾಗಿ ಬಿಡುವು ಮಾಡಿಕೊಂಡಿದ್ದಾಳೆ ಅಂದುಕೊಂಡು ಇನ್ನಷ್ಟು ಕರಗಿದೆ. ಅವಳು ಕೇಳುವ ಪ್ರಶ್ನೆಗಳೂ ಎಷ್ಟು ಹಿತ. ಸಿಟ್ಟು ಬರುತ್ತದಾ, ಕುಡಿಯುವ ಅಭ್ಯಾಸ ಉಂಟಾ, ತಾಯಿಗೆ ಆರೋಗ್ಯ ಹೇಗೆ, ಸೆಂಟರಿನ ಜಾಗ ಸ್ವಂತದ್ದಾ ಬಾಡಿಗೆಯದ್ದಾ. ನನ್ನ ಬಗ್ಗೆ ಇಷ್ಟು ತಿಳಿಯುವ ಆಸೆ ಯಾರಿಗೂ ಇರಲಿಲ್ಲ. ನಾನು ಎಲ್ಲಾ ಹೇಳಿದೆ. ನಿಮ್ಮನ್ನು ನೋಡಿದ ದಿನ ಬಸ್ಸಿನಲ್ಲಿ ಟಿಕೆಟ್ ತೆಗೆಯಲೂ ನೆನಪಾಗಲಿಲ್ಲ ಅಂದೆ. ನಿಮ್ಮ ಕಣ್ಣು ಅಷ್ಟು ಚೆಂದ ಅಂದೆ. ಹೌದು, ಹಿಂದೆ ಸುಮಾರು ಜನ ಹೇಳಿದ್ದರು ಅಂತ ಬಂತು.

ಧೈರ್ಯ ಬಂದು ಒಂದು ದಿನ ನಾನೂ ಕೇಳಿದೆ. ನಿಮ್ಮ ಅಪ್ಪಯ್ಯನ ಮುಖ ಕಂಡರೆ ಹೆದರಿಕೆಯಾಗುತ್ತದೆ, ಮದುವೆಯ ಮೇಲೂ ಅವರು ಹಾಗೆ ನೋಡುತ್ತಲೇ ಇರುತ್ತಾರಾ? ಅವರು ಸಾಧು ಜನ, ಮಂಡಿ ನೋವಿನಿಂದ ಮುಖ ಹಾಗೆ ಕಾಣುವುದು ಅಂತ ಉತ್ತರ ಬಂತು.

ಆ ಸುಖಕ್ಕೆ ಒಂದೇ ಕಲ್ಲು. ಸಂಜೆ ಐದು ಕಳೆದರೆ ಕೆರೆಯ ಆಚೆ ದಂಡೆಯಲ್ಲಿ ಕೊಡಲಿ ಹಿಡಿದ ಒಬ್ಬ ದೈತ್ಯ ಬಂದು ನಿಲ್ಲುತ್ತಿದ್ದ. ಮಾತಿಲ್ಲ ಕತೆಯಿಲ್ಲ, ನಮ್ಮನ್ನೇ ನೋಡುವುದು. ಒಂದು ದಿನ ನಾನು ಹೀಲರ್‌ಗೆ ಅವಳ ಕೂದಲಿನ ವರ್ಣನೆ ಮಾಡುತ್ತಿದ್ದೆ. ಆ ದೈತ್ಯ ನೇರ ನಡೆದುಕೊಂಡು ಬಂದು ನನ್ನನ್ನು ಕೆರೆಗೆ ತಳ್ಳಿದ. ಟೊಪ್ಪಿ ಎಲ್ಲೋ ಹೋಯಿತು. ನಾನು ಮೇಲೆ ಬಂದು ಸಿಟ್ಟಿನಲ್ಲಿ, ಇವನನ್ನು ಹೆತ್ತವರು ಯಾರೋ, ಬುದ್ಧಿ ಕಲಿಸಿ ಸಾಕಲಿಲ್ಲ ಅಂದೆ. ಹೀಲರ್, ಸಾಕುವುದು ಸುಲಭ ಅಲ್ಲ ಅಂತ ಮಾತ್ರ ಬರೆದಳು.

ಚೌತಿ ಹತ್ತಿರ ಬಂತು. ಇನ್ನೂ ಆರಿಸಲಾಗಲಿಲ್ಲ, ಎಲ್ಲದರಲ್ಲೂ ದೊಡ್ಡದು ಯಾವುದು ಅಂತ ಗೊತ್ತಾಗುವುದಿಲ್ಲ ಅಂತ ಅವಳ ಹತ್ತಿರವೇ ಅತ್ತುಕೊಂಡೆ. ಅವಳು ಬರೆದ ಮಾತು ನನಗೆ ಇವತ್ತಿಗೂ ಬಾಯಿಪಾಠ.

"ಎಲ್ರೂ ರಾಜನ ವೇಷವೇ ಬೇಕ್ ಅಂದ್ರೆ ಆಟ ಕಟ್ಟುದ್ ಹ್ಯಾಂಗೆ? ಬಿದ್ದವ್ರನ್ನ್ ಎತ್ತುಕೆ ಒಬ್ರ್ ಬೇಕಲೆ."

ಹಂದಿ ಉರುಳಿಸಿದ ದಿನ ನೆನಪಾಯಿತು. ಎದ್ದು ನಿಂತಾಗ ಆದ ಸಮಾಧಾನ ನೆನಪಾಯಿತು. ನಾನು ಆ ಕ್ಷಣವೇ ಆರಿಸಿದೆ. ಹೋಟೆಲಿಗೆ ಹೋಗಿ, ಸಪ್ಲಾಯರ್ ಬಾಯಿ ತೆರೆಯುವ ಮೊದಲೇ ಬನ್ಸ್ ಅಂದೆ. ಅವನು ಗಾಬರಿಯಾಗಿ, ಮೈ ಹುಷಾರಿಲ್ಲವಾ ಅಂತ ಕೇಳಿದ.

ಫೋಟೋಕ್ಕೆ ಇನ್ನೊಂದು ನಮಸ್ಕಾರ

ಅಮ್ಮ, ಮಾವ, ನಾನು ಮತ್ತೆ ಬ್ರಹ್ಮಾವರಕ್ಕೆ ಹೋದೆವು. ಅದೇ ಜಗಲಿ, ಅದೇ ಎಲೆ ಅಡಿಕೆ, ಅದೇ ಹುಬ್ಬು. ಈ ಸಲ ನನಗೆ ಹೆದರಿಕೆ ಇರಲಿಲ್ಲ. ಹುಡುಗಿ ಬಾಗಿಲಿಗೆ ಬಂದು ನಿಂತಳು. ಮಾವ ನನ್ನ ತೊಡೆ ಚಿವುಟಿದರು. ಎಲ್ಲರ ಎದುರೇ ಹೇಳಿದೆ.

"ಆರ್ಸ್ದೆ. ನಾನೂ ನಿಮ್ಮ ಹಾಂಗೆ ಹೀಲರ್."

"ನಾನ್ ಹೀಲರ್ ಅಲ್ಲ" ಅಂದಳು ಅವಳು.

ಅವಳು ತನ್ನ ತಂದೆಯ ಕಡೆ ನೋಡಿದಳು. ಅವಳ ತಾಯಿಯೂ ನೋಡಿದರು. ನಾನೂ ನೋಡಿದೆ. ದೊಡ್ಡ ಮೀಸೆಯ ಆ ಮನುಷ್ಯ ಹೆಗಲ ಮೇಲಿನ ಬೈರಾಸ್ ತೆಗೆದು, ಎರಡು ಬೆರಳಲ್ಲಿ ಸೆರಗು ಹಿಡಿಯುವ ಹಾಗೆ ಹಿಡಿದು, ಕುತ್ತಿಗೆ ಒಂಚೂರು ವಾಲಿಸಿದರು. ಮೊದಲ ಸಲ ಅವರ ದನಿ ಕೇಳಿದೆ, ಎಷ್ಟು ಮೆತ್ತಗಿನ ದನಿ.

"ಊಟ ಆಯ್ತಾ?" ಅಂದರು.

ನನ್ನ ಕೈಯ ಎಲೆ ಕೆಳಗೆ ಬಿತ್ತು. ತಾಯಿ ನಗು ತಡೆಯಲಾರದೆ ವಿಷಯ ಬಿಡಿಸಿ ಹೇಳಿದರು. ಇವರು ಪ್ರಾಯದಲ್ಲಿ ಊರಿನ ಸಂಘದ ಯಕ್ಷಗಾನದಲ್ಲಿ ಹೆಣ್ಣು ವೇಷ ಮಾಡುತ್ತಿದ್ದರಂತೆ, ರಾಣಿ ಅಂದರೆ ಇವರೇ. ಮಂಡಿ ಹೋದ ಮೇಲೆ ಗೆಜ್ಜೆ ಬಿಟ್ಟು ಮಂಕಾಗಿ ಕೂತಿದ್ದರು. ಮಗಳು ಕಂಪ್ಯೂಟರಿನಲ್ಲಿ ವೇಷ ಕಟ್ಟಿಕೊಟ್ಟಳು. ಹುಡುಗ ನೋಡಿ ಹೋದ ಮೇಲೆ, ಆಚೆಮನೆ ಈಚೆಮನೆ ಕೇಳುವುದಕ್ಕಿಂತ ಇದೇ ಒಳ್ಳೆಯದು ಅಂತ ಕೆರೆ ದಂಡೆಯಲ್ಲೇ ವಿಚಾರಣೆ ಮುಗಿಸಿದ್ದಾರೆ. ಕರಾವಳಿಯಲ್ಲಿ ಹುಟ್ಟಿ, ಮೀಸೆ ಬೋಳಿಸಿದ ಗಂಡಸರು ರಾಣಿಯಾಗುವುದನ್ನು ನೋಡಿಯೇ ಬೆಳೆದ ನನಗೆ ಇದು ಹೊಳೆಯಬೇಕಿತ್ತು.

ನಾನು ವರ್ಣಿಸಿದ ಕಣ್ಣು, ಕೂದಲು ಎಲ್ಲಾ ಒಂದೊಂದಾಗಿ ನೆನಪಾಗತೊಡಗಿತು. ಭೂಮಿ ಬಿರಿಯಬಾರದಾ ಅನ್ನಿಸಿತು. ಅಷ್ಟರಲ್ಲಿ ಹುಡುಗಿ ಮುಂದೆ ಬಂದಳು.

"ನಿಮ್ಮ್ ಟೊಪ್ಪಿ ಕೆರೆಯಿಂದ ಹೆಕ್ಕಿ ಇಟ್ಟಿದ್ದೆ" ಅಂದಳು. "ಬುದ್ಧಿ ಕಲ್ಸಿ ಸಾಕ್ಲಿಲ್ಲ ಅಂದ್ರ್ಯಲೆ, ಅದ್ ನಾನೇ. ನನ್ನ್ ಕೂದ್ಲಿನ್ ವರ್ಣನೆ ಅಪ್ಪಯ್ಯನತ್ರ ಮಾಡ್ರೆ ತಳ್ಳದೆ ಎಂತ ಮಾಡುದ್?"

ಹಾಗಾದರೆ ನಿಮ್ಮ ಉತ್ತರ ಏನು ಅಂತ ಕೇಳುವಷ್ಟು ದನಿ ನನ್ನಲ್ಲಿ ಉಳಿದಿರಲಿಲ್ಲ. ಮಾವ ಕೇಳಿದರು. ಅವಳು ಬಾಗಿಲ ದಾರಂದಕ್ಕೆ ಒರಗಿದಳು. ಇನ್ನೊಂದು ಕೊಡಲಿ ಬಂದಿದ್ದರೆ ಬೇಡ ಅನ್ನುವವಳಿದ್ದೆ, ಕೊಡಲಿ ಹಿಡಿದವಳ ಮನೆಯಲ್ಲಿ ಹೀಲರ್ ಇರಬೇಕು, ನನಗೆ ಒಪ್ಪಿಗೆ ಅಂದಳು. ಅಮ್ಮ ಏನೂ ಅರ್ಥವಾಗದಿದ್ದರೂ ಕಣ್ಣೊರೆಸಿಕೊಂಡರು. ನನಗೂ ಕಣ್ಣು ತುಂಬಿತು, ಆ ಆಟದ ಗುಡ್ಡದ ಮಂಜೆಲ್ಲ ಆ ಜಗಲಿಗೆ ಇಳಿದ ಹಾಗೆ ಯಾರ ಮುಖವೂ ಸರಿಯಾಗಿ ಕಾಣಲಿಲ್ಲ.

ಹೊರಡುವಾಗ ಕಾಲು ನೆಲದಲ್ಲಿ ಇರಲಿಲ್ಲ. ಗೋಡೆಯ ಫೋಟೋದ ಎದುರು ಬಂದೆ. ತುರುಬು, ಹೂ, ವಾಲಿಸಿದ ತಲೆ. ಒಳ್ಳೆಯದಾದ ದಿನ ಮನೆಯ ಹಿರಿಯರಿಗೆ ಹೇಳದೆ ಹೋಗಬಾರದು ಅಂತ, ಇಷ್ಟೆಲ್ಲ ಕೇಳಿದ ಮೇಲೂ ಕನಸಿನಲ್ಲೇ ಇದ್ದ ನಾನು, ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ಕೈ ಮುಗಿದು ಬಹಳ ಹೊತ್ತು ನಿಂತೆ.

ಹಿಂದಿನಿಂದ ನನ್ನ ತಲೆಯ ಮೇಲೆ ಒಂದು ಕೈ ಬಂತು.

"ಆಯ್ತ್ ಅಳಿಯಂದ್ರೆ, ಒಳ್ಳೇದಾಯ್ಲಿ" ಅಂದರು ಮೀಸೆಯ ಅಜ್ಜಿ.